ತಪ್ಪಿಗೂ ಒಂದು ಕಾಲಂ: ಕೊಕುರಾದಲ್ಲಿ ಮೂರು ವಾರ

ವಾಡಿ ಜಂಕ್ಷನ್

ಜಪಾನಿಗೆ ಹೋಗಿ ಬಂದೆ ಎಂದರೆ ಚಿತ್ತಾಪುರದಲ್ಲಿ ಎಲ್ಲರೂ ಮೊದಲು ಕೇಳುವುದು ಬುಲೆಟ್ ರೈಲಿನ ಬಗ್ಗೆ. ಅದರಲ್ಲಿ ಕೂತಿದ್ದು ನಿಜ. ಕೂತ ಹತ್ತು ನಿಮಿಷಕ್ಕೆ ನಿದ್ದೆ ಹೋದದ್ದೂ ನಿಜ. ಆದ್ದರಿಂದ ಅದರ ವರ್ಣನೆ ನನ್ನಿಂದ ಆಗದು. ನನಗೆ ನೆನಪಿರುವುದು ಒಂದು ಆಟದ ಮೈದಾನದ ಬೋರ್ಡು, ಅದರ ಮೇಲೆ ಹತ್ತಿದ ಒಂದು ಸಣ್ಣ ದೀಪ. ಅದನ್ನು ಹೇಳಬೇಕಾದರೆ ವಾಡಿಯಿಂದಲೇ ಶುರು ಮಾಡಬೇಕು.

ನಾನು ನಮ್ಮ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಸುಣ್ಣದ ಕಲ್ಲನ್ನು ಖಣಿಯಿಂದ ಕ್ರಷರಿಗೆ ಒಯ್ಯುವ ಹೊಸ ಬೆಲ್ಟುಗಳು ಬರುವುದಿದ್ದವು. ಅವನ್ನು ನಡೆಸುವುದು ಹೇಗೆಂದು ಕಲಿತು ಬರಲು ಒಬ್ಬ ಸಾಹೇಬ, ಒಬ್ಬ ಫಿಟ್ಟರ್ ಎಂದು ಇಬ್ಬರನ್ನು ಆರಿಸಿದರು. ಸಾಹೇಬ ನಾನು. ಫಿಟ್ಟರ್ ವಾಡಿಯ ಮೆಹಬೂಬ್. ವಯಸ್ಸಿನಲ್ಲಿ ನನಗಿಂತ ಹಿರಿಯ, ನಾನು ಅವರನ್ನು ಮೆಹಬೂಬ್ ಭಾಯ್ ಎನ್ನುತ್ತೇನೆ.

ನಮ್ಮ ರೈಲು ಚಿತ್ತಾಪುರದಲ್ಲಿ ನಿಲ್ಲುವುದಿಲ್ಲ. ಹಾಗಾಗಿ ನಾನು ಮನೆಯಿಂದ ವಾಡಿಗೆ ಹೋಗಿ, ಅಲ್ಲಿ ಹತ್ತಿ, ಮತ್ತೆ ನಮ್ಮೂರಿನ ಮುಂದೆಯೇ ಹಾದು ಹೈದರಾಬಾದಿನ ಕಡೆ ಹೊರಟೆ. ವಿದೇಶಯಾತ್ರೆಯ ಮೊದಲ ಗಂಟೆಯಲ್ಲಿ ಕಂಡದ್ದು ನಮ್ಮೂರ ನೀರಿನ ಟಾಕಿ. ಮೆಹಬೂಬ್ ಭಾಯ್ ಕಿಟಕಿಯ ಪಕ್ಕ ಕೂತಿದ್ದು, ಸೇಡಂ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ಒಂದ್ ಮಾತ್ ಹೇಳ್ಲೇನ್ರಿ ಸಾಹೇಬ್ರ? ಮಾಣಿಕನ ಕೈ ಸರಿ ಇದ್ದಿದ್ರ ಈ ಸೀಟಿನ್ಯಾಗ ಅಂವ ಕುಂದ್ರತಿದ್ದ. ಬೆಲ್ಟಿನ ಕೆಲಸ ಅಂವಗ ಗೊತ್ತಿದ್ದಷ್ಟು ನಂಗ ಗೊತ್ತಿಲ್ಲ."

"ಖರೇ ಅದ," ಎಂದೆ.

"ಏನ್ ಮಾಡೋದ್ರಿ, ತನ್ನ ಕೈಲೆ ತಾನ ಹಾಳಾದ. ಸೈರನ್ ಆದ್ರೂ ಹೊರಗ ಬರ್ಲಿಲ್ಲಂದ್ರ!"

ನಾನು ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಇದೆಯೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿದೆ. ಇದ್ದೇ ಇತ್ತು.

ಮಾಣಿಕ ದಂಡೋತಿಯವನು. ಎರಡು ವರ್ಷದ ಹಿಂದೆ ಬೆಲ್ಟಿನ ಕೆಳಗೆ ಸಿಕ್ಕಿದ್ದ ಕಲ್ಲು ತೆಗೆಯುವಾಗ ಬೆಲ್ಟು ಚಾಲೂ ಆಗಿ ಅವನ ಬಲಗೈಯ ನಾಲ್ಕು ಬೆರಳು ಹೋದವು. ನಮ್ಮಲ್ಲಿ ನಿಯಮವೊಂದಿದೆ. ನಿಂತ ಬೆಲ್ಟನ್ನು ಮತ್ತೆ ನಡೆಸುವ ಮೊದಲು ಶಿಫ್ಟ್ ಇನ್‌ಚಾರ್ಜ್ ತಾನೇ ಜಾಗಕ್ಕೆ ಹೋಗಿ, ತಲೆ ಎಣಿಸಿ, 'ಎಲ್ಲರೂ ಹೊರಗಿದ್ದಾರೆ' ಎಂಬ ಚೀಟಿಗೆ ಸಹಿ ಮಾಡಬೇಕು. ಆ ಚೀಟಿ ಕಂಟ್ರೋಲ್ ರೂಮಿಗೆ ಮುಟ್ಟಿದ ಮೇಲೆಯೇ ಸೈರನ್, ಸೈರನ್ ಆದ ಮೇಲೆ ಬೆಲ್ಟು. ಆದರೆ ನಿಯಮದ ಪಕ್ಕದಲ್ಲೇ ಒಂದು ರೂಢಿಯೂ ಬೆಳೆದಿತ್ತು. ಕೆಲಸ ನಿಲ್ಲಬಾರದೆಂದು ನಾವು ಇನ್‌ಚಾರ್ಜ್‌ಗಳು ಬೆಳಿಗ್ಗೆಯೇ ನಾಲ್ಕೈದು ಖಾಲಿ ಚೀಟಿಗಳಿಗೆ ಸಹಿ ಹಾಕಿ ಕಂಟ್ರೋಲ್ ರೂಮಿಗೆ ಕೊಟ್ಟುಬಿಡುತ್ತಿದ್ದೆವು.

ಅವತ್ತೂ ಕೊಟ್ಟಿದ್ದೆ. ಬೆಲ್ಟು ಚಾಲೂ ಆದಾಗ ನಾನು ಕ್ಯಾಂಟೀನಿನಲ್ಲಿದ್ದೆ. ಆಸ್ಪತ್ರೆಯಿಂದ ವಾಪಸು ಬಂದು ಆ ಚೀಟಿಯಲ್ಲಿ ವೇಳೆಯನ್ನು ನಾನೇ ತುಂಬಿದೆ. ವರದಿಯ 'ಕಾರಣ' ಎಂಬ ಕಾಲಂನಲ್ಲಿ 'ಸೈರನ್ ಆದ ನಂತರವೂ ಹೊರಬಾರದ ಕಾರ್ಮಿಕನ ಅಜಾಗರೂಕತೆ' ಎಂದು ಬರೆದೆ. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ನನ್ನ ಮನೆತನಕ್ಕೆ ಊರಲ್ಲಿ ತೂಕವಿದೆ, ಮಾಣಿಕನ ಓಣಿಗೆ ಆ ತೂಕವಿಲ್ಲ. ತಪ್ಪು ಅವನದು ಎಂದರೆ ನಂಬುವವರು ಮೊದಲೇ ತಯಾರಿದ್ದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅವನೂ ನಂಬಿದ. ಆಸ್ಪತ್ರೆಯ ಮಂಚದ ಮೇಲಿಂದ, "ನಂದೇ ತಪ್ಪಾತ್ರಿ ಸಾಹೇಬ್ರ, ನನ್ನ ಲಕ್ಷ್ಯ ಎಲ್ಲಿತ್ತೋ, ನಿಮ್ಗೂ ತ್ರಾಸ ಆತು," ಎಂದು ನನ್ನ ಕ್ಷಮೆ ಕೇಳಿದ. ನಾನು ಅವನ ಭುಜ ತಟ್ಟಿ ಎದ್ದು ಬಂದೆ.

ಕೊಕುರಾ, ಮೊದಲ ವಾರ

ಕೊಕುರಾ ಜಪಾನಿನ ದಕ್ಷಿಣದಲ್ಲಿದೆ. ಊರಿನ ಬೆನ್ನಿಗೇ ಸುಣ್ಣದ ಕಲ್ಲಿನ ಗುಡ್ಡ. ಅದನ್ನು ಕಂಡ ಕೂಡಲೇ ಮೆಹಬೂಬ್ ಭಾಯ್, "ಇಷ್ಟು ದೂರ ಬಂದು ಮತ್ತ ಅದೇ ಕಲ್ಲ ನೋಡ್ಲಿಕತ್ತೀವಲ್ರಿ," ಎಂದರು. ಶಹಾಬಾದಿನ ಕಲ್ಲು ಹಾಳೆ ಹಾಳೆಯಾಗಿ ಏಳುತ್ತದೆ, ಮನೆಯ ನೆಲಕ್ಕೆ ಹಾಸಬಹುದು. ಇಲ್ಲಿಯದು ಬಿಳಿ ಮುದ್ದೆ. ಬಂಧುಗಳೇ ಆದರೂ ಮುಖಚಹರೆ ಬೇರೆ.

ನಮ್ಮನ್ನು ನೋಡಿಕೊಳ್ಳಲು ಯೊಶಿಮುರಾ ಎಂಬ ನಿವೃತ್ತ ಇಂಜಿನಿಯರರನ್ನು ನೇಮಿಸಿದ್ದರು. ಎಪ್ಪತ್ತು ದಾಟಿದವರು, ಸಣಕಲು, ಅಂಗಿಯ ಜೇಬಿನಲ್ಲಿ ಸದಾ ಎರಡು ಪೆನ್ಸಿಲ್. ಅವರಿಗೆ ಇಂಗ್ಲಿಷ್ ಬಾರದು, ನಮಗೆ ಜಪಾನಿ ಬಾರದು. ಅವರು ತಮ್ಮ ಮೊಬೈಲಿಗೆ ಏನೋ ಹೇಳುತ್ತಿದ್ದರು, ಅದು ಹೆಣ್ಣುದನಿಯಲ್ಲಿ ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ನಮಗೆ ಹೇಳುತ್ತಿತ್ತು. "ದಯವಿಟ್ಟು ಪಾದರಕ್ಷೆಗಳನ್ನು ಕಳಚಿರಿ" ಎಂದು ಅದು ಮೊದಲ ಸಲ ಅಂದಾಗ ಮೆಹಬೂಬ್ ಭಾಯ್ ಗಾಬರಿಯಾಗಿ ಮೊಬೈಲಿಗೇ ಸಲಾಂ ಮಾಡಿದರು.

ಪಾದರಕ್ಷೆಯಲ್ಲಿಯೇ ನಮ್ಮ ಮಾನ ಹೋಯಿತು. ಅಲ್ಲಿ ಹೊರಗಿನ ಚಪ್ಪಲಿ ಬೇರೆ, ಒಳಗಿನದು ಬೇರೆ, ಪಾಯಖಾನೆಯದಂತೂ ಬೇರೆಯೇ. ನಾನು ಎರಡನೇ ದಿನ ಪಾಯಖಾನೆಯ ಚಪ್ಪಲಿಯಲ್ಲೇ ಊಟದ ಹಾಲಿಗೆ ಹೋಗಿ, ಗಂಭೀರವಾಗಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆ. ಯಾರೂ ನಗಲಿಲ್ಲ. ಒಬ್ಬ ಹೆಣ್ಣುಮಗಳು ಬೇರೆ ಜೊತೆ ತಂದು ನನ್ನ ಕಾಲ ಬಳಿ ಇಟ್ಟು ಬಾಗಿ ಹೋದಳು. ನಕ್ಕಿದ್ದರೆ ಚೆನ್ನಾಗಿತ್ತು. ಊಟದ್ದೂ ಅಷ್ಟೇ ಕಥೆ. ನಾನು ಸಸ್ಯಾಹಾರಿ, ಮೆಹಬೂಬ್ ಭಾಯಿಗೆ ಹಲಾಲ್ ಬೇಕು. ಇಬ್ಬರೂ ಕೂಡಿ ಬಿಳಿ ಅನ್ನಕ್ಕೆ ಮನೆಯಿಂದ ತಂದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಲಸಿ ಮೂರು ಹೊತ್ತು ಉಂಡೆವು.

ಕೆಲಸದ ಜಾಗದಲ್ಲಿ ಮಾತ್ರ ನನಗೆ ನಗು ಬರಲಿಲ್ಲ. ಅಲ್ಲಿ ಯಂತ್ರದ ಬಳಿ ಹೋಗುವ ಪ್ರತಿಯೊಬ್ಬನೂ ತನ್ನ ಹೆಸರಿನ ಬಿಲ್ಲೆಯನ್ನು ಒಂದು ಹಲಗೆಗೆ ಸಿಕ್ಕಿಸಿ ಹೋಗುತ್ತಾನೆ, ಹೊರಬಂದು ತಾನೇ ತೆಗೆಯುತ್ತಾನೆ. ಹಲಗೆಯ ಮೇಲೆ ಒಂದು ಬಿಲ್ಲೆ ಉಳಿದಿದ್ದರೂ ಯಂತ್ರ ನಡೆಯದು. ಚಾಲೂ ಮಾಡುವವನು ಒಬ್ಬನೇ ಇದ್ದರೂ ಹಲಗೆಯ ಕಡೆ ಬೆರಳು ತೋರಿಸಿ, ಖಾಲಿ ಇದೆ ಎಂದು ಗಟ್ಟಿಯಾಗಿ ಕೂಗಿ ಹೇಳಿಯೇ ಗುಂಡಿ ಒತ್ತುತ್ತಾನೆ. ಮೆಹಬೂಬ್ ಭಾಯ್ ಎರಡು ದಿನ ಮಕ್ಕಳಾಟ ಎಂದು ನಕ್ಕರು, ಮೂರನೇ ದಿನ ತಾವೂ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, "ಹಿಂಗ ಕೂಗಿದ್ರ ಮಾಣಿಕಗ ಕೇಳ್ತಿತ್ತೇನೋ ನೋಡ್ರಿ," ಎಂದರು.

ನಾನು ದಿನಾ ಬೆಳಿಗ್ಗೆ ಕೋಣೆಯಲ್ಲಿ ಸ್ನಾನ ಮಾಡಿ ಅಂಗೈಯಲ್ಲಿ ಲಿಂಗವಿಟ್ಟು ಪೂಜೆಗೆ ಕೂರುವವನು. ಆ ವಾರ ಕಣ್ಣಿಗೆ ಬೀಳುತ್ತಿದ್ದದ್ದು ನನ್ನ ಐದು ಬೆರಳು. ಪೂಜೆ ಬೇಗ ಮುಗಿಯುತ್ತಿತ್ತು.

ಭಾನುವಾರ, ಆಟದ ಮೈದಾನ

ಎರಡನೇ ಭಾನುವಾರ ಯೊಶಿಮುರಾ ನಮ್ಮನ್ನು ಬೇಸ್‌ಬಾಲ್ ನೋಡಲು ಕರೆದೊಯ್ದರು. ಹಣ ಪಡೆದು ಆಡುವ ದೊಡ್ಡ ತಂಡಗಳು. ಮಧ್ಯಾಹ್ನದ ಬಿಸಿಲು, ಊರಿಗೆ ಊರೇ ಅಲ್ಲಿ. ಜನ ಹಾಡುವುದು, ತಟ್ಟುವುದು ಎಲ್ಲ ಹದ್ದುಬಸ್ತಿನಲ್ಲಿಯೇ. ತಮ್ಮ ತಂಡದ ಸರದಿ ಮುಗಿದ ಕೂಡಲೇ ಬಾಯಿ ಮುಚ್ಚಿ ಎದುರಾಳಿಗಳಿಗೆ ಹಾಡಲು ಬಿಡುತ್ತಾರೆ. ನಮ್ಮ ಕಡೆಯ ಕ್ರಿಕೆಟ್ ಟೂರ್ನಮೆಂಟಿನಲ್ಲಿ ಎರಡೂ ಕಡೆಯ ಲೌಡ್‌ಸ್ಪೀಕರ್ ಕೂಡಿಯೇ ಅರಚುತ್ತವೆ.

ಯೊಶಿಮುರಾ ಹಾಡಲಿಲ್ಲ. ಚೌಕ ಚೌಕ ಗೆರೆಯಿದ್ದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರತಿ ಚೆಂಡನ್ನೂ ಪೆನ್ಸಿಲಿನಿಂದ ಬರೆಯತೊಡಗಿದರು. ಸುತ್ತ ಇನ್ನೂ ಕೆಲವರು ಹಾಗೆಯೇ ಬರೆಯುತ್ತಿದ್ದರು. ನಾನೂ ಕಾಲೇಜಿನ ದಿನಗಳಲ್ಲಿ ಶಹಾಬಾದಿನಲ್ಲಿ ಕ್ರಿಕೆಟ್ಟಿನ ಸ್ಕೋರ್ ಬರೆದವನು. ಅದನ್ನು ಮೊಬೈಲಿಗೆ ಹೇಳಿದೆ. ಅವರ ಮುಖ ಅರಳಿತು. ನನಗೂ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ಕಲಿಸಿದರು. ಪ್ರತಿ ಜಾಗಕ್ಕೂ ಒಂದು ನಂಬರು. ಚೆಂಡು ಎಸೆಯುವವನು ಒಂದು, ಅದನ್ನು ಹಿಡಿಯುವವನು ಎರಡು, ಓಟಗಾರ ಓಡಿ ಮುಟ್ಟಬೇಕಾದ ಮೊದಲ ಗುರಿಯ ಬಳಿ ನಿಲ್ಲುವವನು ಮೂರು. ಎರಡನೇ ಮತ್ತು ಮೂರನೇ ಗುರಿಯ ನಡುವೆ ನಿಲ್ಲುವವನು ಆರು. ಆರರವನು ಚೆಂಡು ಹಿಡಿದು ಮೂರರವನಿಗೆ ಎಸೆದು ಓಟಗಾರ ಔಟಾದರೆ ಆರು, ಗೆರೆ, ಮೂರು ಎಂದು ಬರೆದರಾಯಿತು.

ಕ್ರಿಕೆಟ್ಟಿನಲ್ಲಿ ಕ್ಯಾಚು ಬಿಟ್ಟವನ ಹೆಸರು ಸ್ಕೋರ್ ಪುಸ್ತಕದಲ್ಲಿ ಎಲ್ಲಿಯೂ ಇರುವುದಿಲ್ಲ. ಜನ ಬೈಯುತ್ತಾರೆ, ಮರೆಯುತ್ತಾರೆ. ಇಲ್ಲಿ ಹಾಗಲ್ಲ. ದೊಡ್ಡ ಬೋರ್ಡಿನ ಮೇಲೆ ರನ್ನಿಗೆ ಒಂದು ಕಾಲಂ, ಹೊಡೆತಕ್ಕೆ ಒಂದು, ತಪ್ಪಿಗೂ ಒಂದು. ಓಟಗಾರ ಬಚಾವಾದ ಎಂದರೆ ಹೊಡೆತ ಚೆನ್ನಾಗಿದ್ದರಿಂದಲೋ, ಹಿಡಿಯುವವರು ತಪ್ಪಿದ್ದರಿಂದಲೋ ಎಂದು ಮೇಲೆ ಕೋಣೆಯಲ್ಲಿ ಕುಳಿತ ಒಬ್ಬ ಸ್ಕೋರ್ ಲೇಖಕ ತೀರ್ಮಾನಿಸುತ್ತಾನೆ. ಅವನ ತೀರ್ಮಾನಕ್ಕೆ ಬೋರ್ಡಿನಲ್ಲಿ ದೀಪ ಹತ್ತುತ್ತದೆ. ತಪ್ಪಾದರೆ ಯಾರ ತಪ್ಪು ಎಂಬುದು ದಾಖಲೆಗೆ ಹೋಗುತ್ತದೆ.

"ಅಬಬಾ, ಇಷ್ಟ ಮಂದಿ ಮುಂದ ಮರ್ಯಾದಿ ತಗೀತಾರಲ್ರಿ!" ಎಂದರು ಮೆಹಬೂಬ್ ಭಾಯ್.

ನಡುವಿನ ಒಂದು ಸರದಿಯಲ್ಲಿ ಚೆಂಡು ನೆಲಕ್ಕೆ ಉರುಳುತ್ತ ಆರರವನ ಕೈಗೆ ಬಂತು. ಈ ವರ್ಷವಷ್ಟೇ ತಂಡಕ್ಕೆ ಬಂದವನಂತೆ ಅವನು. ಹಿಡಿದು ಎಸೆದ. ಮೂರರವನು ಹಿರಿಯ ಆಟಗಾರ, ಊರಿನವರ ಮುದ್ದಿನವನು. ಚೆಂಡು ಅವನ ಕೈಗವಸಿನ ಬಳಿ ನೆಲಕ್ಕೆ ಬಿತ್ತು, ಓಟಗಾರ ಬಚಾವಾದ. ತಪ್ಪಿನ ದೀಪ ಹತ್ತಿತು. ಎಸೆತ ಕೆಟ್ಟಿತು ಎಂದು ಆರರವನ ಹೆಸರಿಗೇ ಹೋಯಿತು. ಮೈದಾನವೆಲ್ಲ ಒಂದು ನಿಟ್ಟುಸಿರು ಬಿಟ್ಟಿತು. ಆ ಆಟಗಾರ ಟೋಪಿ ಕೆಳಗೆಳೆದುಕೊಂಡು ನೆಲವನ್ನು ನೋಡುತ್ತ ನಿಂತ. ನಾನು ಆರು ಎಂದು ಬರೆದು ಪಕ್ಕದಲ್ಲಿ ತಪ್ಪಿನ ಗುರುತು ಹಾಕಿದೆ. ಆ ಓಟಗಾರ ಆಮೇಲೆ ಸುತ್ತು ಮುಗಿಸಿ ರನ್ನೂ ಗಳಿಸಿದ.

ಮುಂದಿನ ಸರದಿ ಅರ್ಧವಾಗಿತ್ತು. ಮೈಕಿನಲ್ಲಿ ಹೆಣ್ಣುದನಿಯೊಂದು ನಿಧಾನವಾಗಿ ಏನೋ ಹೇಳಿತು. ಜನ ಗುಜುಗುಜು ಮಾಡಿದರು. ಯೊಶಿಮುರಾ ರಬ್ಬರ್ ತೆಗೆದು ಆರನ್ನು ಉಜ್ಜಿ ಮೂರು ಎಂದು ಬರೆದರು. ಲೇಖಕರು ಆ ಎಸೆತದ ವಿಡಿಯೋ ಮತ್ತೆ ನೋಡಿದರಂತೆ. ಎಸೆತ ಸರಿಯಿತ್ತು, ಹಿಡಿಯಬೇಕಾದವನು ಬಿಟ್ಟ. ತಪ್ಪನ್ನು ಹಿರಿಯನ ಹೆಸರಿಗೆ ಬದಲಿಸಿದ್ದಾರೆ.

ನಾನು ಬೋರ್ಡು ನೋಡಿದೆ. ರನ್ನು ಅಷ್ಟೇ ಇತ್ತು. ತಪ್ಪುಗಳ ಮೊತ್ತವೂ ಅಷ್ಟೇ.

"ಬೋರ್ಡಿನ ಮೇಲೆ ಏನೂ ಬದಲಾಗಲಿಲ್ಲವಲ್ಲ. ಏನು ಉಪಯೋಗ?" ಎಂದು ಮೊಬೈಲಿಗೆ ಕೇಳಿದೆ.

ಯೊಶಿಮುರಾ ಸ್ವಲ್ಪ ಯೋಚಿಸಿ ಹೇಳಿದ್ದನ್ನು ಅದು ತನ್ನ ಪುಸ್ತಕದ ಕನ್ನಡದಲ್ಲಿ ಹೇಳಿತು. "ಆ ಆಟಗಾರನು ಇಂದು ತನ್ನ ಮನೆಗೆ ಹೋಗಬೇಕಲ್ಲವೇ?"

ಆಮೇಲೆ ಅವರು ನನ್ನ ಹಾಳೆಯನ್ನು ತೋರಿಸಿ ತಿದ್ದಲು ಹೇಳಿದರು. ತಿದ್ದುವುದು ಹೇಗೆ? ನಾನು ಬರೆದದ್ದು ಬಾಲ್‌ಪೆನ್ನಿನಲ್ಲಿ. ಕಾರ್ಖಾನೆಯ ರಿಜಿಸ್ಟರನ್ನು ಪೆನ್ಸಿಲಿನಲ್ಲಿ ಬರೆದರೆ ಬೈಗುಳ ತಿನ್ನುವ ನಮಗೆ, ಪೆನ್ನಿನಲ್ಲಿ ಬರೆದದ್ದೇ ಸತ್ಯ ಎಂದು ಅಭ್ಯಾಸ. ಅವರು ಕೊಟ್ಟ ಪೆನ್ಸಿಲ್ ನನ್ನ ಜೇಬಿನಲ್ಲೇ ಇತ್ತು. ಯೊಶಿಮುರಾ ನನ್ನ ಪೇಚಾಟ ನೋಡಿ ಮೊಬೈಲು ಎತ್ತಿದರು. "ಚಿಂತಿಸಬೇಡಿರಿ. ಹಳೆಯದು ಕಾಣುವಂತೆ ಅದರ ಮೇಲೆ ಒಂದೇ ಗೆರೆ ಎಳೆಯಿರಿ. ಸರಿಯಾದುದನ್ನು ಪಕ್ಕದಲ್ಲಿ ಬರೆಯಿರಿ. ಬಳಿಕ ನಿಮ್ಮ ಸಹಿ ಮಾಡಿರಿ."

ಗೆರೆ ಎಳೆದೆ. ಮೂರು ಎಂದು ಬರೆದೆ. ಸಹಿ ಮಾಡದೆ ಪೆನ್ನು ಮುಚ್ಚಿದೆ. ಆ ಚೀಟಿಯ ಮೇಲೆ ವೇಳೆ ತುಂಬಿದಾಗ ಇದೇ ಕೈ ಸಲೀಸಾಗಿ ಓಡಿತ್ತು. ಹಾಳೆ ಮಡಚಿಟ್ಟೆ. ಆಟ ಯಾರು ಗೆದ್ದರೋ ನನಗೆ ಈಗಲೂ ಗೊತ್ತಿಲ್ಲ.

ನದಿಯ ದಂಡೆ

ಮೈದಾನದಿಂದ ಊರಿನ ನಡುವೆ ಹರಿಯುವ ನದಿಯ ಪಕ್ಕದಲ್ಲಿ ನಡೆದು ಬಂದೆವು. ಯೊಶಿಮುರಾ ಸೇತುವೆಯ ಬಳಿ ಬಾಗಿ ನಮಸ್ಕರಿಸಿ ತಮ್ಮ ಮನೆಯ ಕಡೆ ಹೋದರು. ಇನ್ನೂ ಬೆಳಕಿತ್ತು. ಮೆಹಬೂಬ್ ಭಾಯಿಗೆ ಆಟ ಹಿಡಿಸಿತ್ತು.

"ಆ ಹಿರಿಯಂದೇ ತಪ್ಪಂತ ಮೈಕಿನ್ಯಾಗ ಹೇಳಿದ್ರ ನೋಡ್ರಿ. ನಮ್ ಕಡಿ ಆದ್ರ ದೊಡ್ಡಾಂವಂದು ಮುಚ್ಚಿ ಸಣ್ಣಾಂವನ ತಲಿ ಮ್ಯಾಲ ಹಾಕ್ತಿದ್ರು."

"ಹಾಕೀನಿ," ಎಂದೆ.

"ಏನ್ರಿ?"

"ಕುಂದ್ರಿ ಮೆಹಬೂಬ್ ಭಾಯ್. ಮಾಣಿಕಂದು ತಪ್ಪಿಲ್ಲ. ನಾ ತಲಿ ಎಣಿಸಿಲ್ಲ. ಚೀಟಿಗಿ ಮುಂಜಾನೆನೇ ಸಹಿ ಮಾಡಿ ಕೊಟ್ಟಿದ್ದೆ. ವೇಳೆ ಆಮ್ಯಾಲ ಬರ್ದೀನಿ. ಆ ಸೈರನ್ ಹೊಡೀಲಿಕ್ಕೇ ಬಾರದಿತ್ತು."

ಅವರು ಕೂರಲಿಲ್ಲ. ನನ್ನನ್ನೇ ನೋಡುತ್ತ ನಿಂತರು. ಮಾಣಿಕನನ್ನು ಬೆಲ್ಟಿನ ಕೆಳಗಿಂದ ಎಳೆದು ಹೊರತೆಗೆದವರು ಅವರೇ. ಅವನ ರಕ್ತ ತೊಯ್ದ ಅಂಗಿಯಲ್ಲೇ ಆಸ್ಪತ್ರೆಯವರೆಗೆ ಬಂದಿದ್ದರು.

"ನಾ ಅಂವಗ ಬೈದೀನ್ರಿ ಸಾಹೇಬ್ರ," ಎಂದರು. "ಕಂಡಲ್ಲೆಲ್ಲ ಬೈದೀನಿ. ಅಂವನ ಹೆಂಡ್ತಿ ಮುಂದ ಬೈದೀನಿ. ಅಂವ ತಲಿ ತಗ್ಗಿಸಿ, ಹೌದ್ ಕಾಕಾ, ನಂದೇ ಅದ ಅಂತಿದ್ದ."

ಮುಂದೆ ನಡೆದರು. ಕೊಕುರಾದ ರಸ್ತೆಗಳು ಅವರಿಗೆ ಗೊತ್ತಿರಲಿಲ್ಲ. ನಾನು ಹಿಂದೆ ಹಿಂದೆ ಹೋದೆ. ದಾರಿ ತಪ್ಪಿದಾಗ ನಿಲ್ಲುತ್ತಿದ್ದರು, ನಾನು ಬಲಕ್ಕೋ ಎಡಕ್ಕೋ ಹೇಳುತ್ತಿದ್ದೆ, ಮತ್ತೆ ನಡೆಯುತ್ತಿದ್ದರು.

ಕೊನೆಯ ವಾರ

ಮೆಹಬೂಬ್ ಭಾಯ್ ನನ್ನೊಡನೆ ಮಾತು ಬಿಟ್ಟರು. ಕೆಲಸದ ಮಾತು ಆಡುತ್ತಿದ್ದರು, ಅದೂ ಚುಟುಕಾಗಿ. ಊಟಕ್ಕೆ ಬೇರೆ ಮೇಜು. ಶೇಂಗಾ ಹಿಂಡಿಯ ಡಬ್ಬಿಯನ್ನು ನನ್ನ ಮೇಜಿಗೆ ತಂದಿಟ್ಟು, ತಾವು ಬಿಳಿ ಅನ್ನಕ್ಕೆ ಉಪ್ಪು ಹಾಕಿಕೊಂಡು ಉಣ್ಣುತ್ತಿದ್ದರು. ನನಗೆ ಸಿಟ್ಟು ಬಂತು. ನಾನು ಇವರ ಸಾಹೇಬನಲ್ಲವೇ, ಇಷ್ಟು ಸೊಕ್ಕೇ ಎಂದುಕೊಂಡೆ. ಆ ಸಿಟ್ಟು ಎಂಥ ನಾಚಿಕೆಗೇಡಿನದು ಎಂದು ಈಗ ಬರೆಯುವಾಗ ಗೊತ್ತಾಗುತ್ತಿದೆ. ಮನಸ್ಸು ಒಂದು ಕ್ಷಣವಾದರೂ ತಾನೇ ನೊಂದವನೆಂದು ತಿಳಿಯಲು ದಾರಿ ಹುಡುಕುತ್ತಿತ್ತು.

ಹೊರಡುವ ಹಿಂದಿನ ದಿನ ಯೊಶಿಮುರಾ ತಮ್ಮ ಮನೆಗೆ ಕರೆದು ಹಸಿರು ಚಹಾ ಕೊಟ್ಟರು. ಕಪಾಟಿನ ತುಂಬ ಅವರು ಬರೆದಿಟ್ಟ ಆಟಗಳ ಹಾಳೆಗಳು. ಒಂದನ್ನು ತೆಗೆದು ತೋರಿಸಿದರು. ಅವರೇ ಊರಿನ ಸಣ್ಣ ಪಂದ್ಯಗಳಿಗೆ ಲೇಖಕರಾಗಿದ್ದಾಗಿನದಂತೆ. ಒಂದು ತಪ್ಪನ್ನು ಬೇರೆಯವನ ಹೆಸರಿಗೆ ಬರೆದಿದ್ದರು, ಅದು ಗೊತ್ತಾಗುವಷ್ಟರಲ್ಲಿ ಆ ಆಟಗಾರ ಆಟ ಬಿಟ್ಟು ಊರೂ ಬಿಟ್ಟಿದ್ದ. "ನಾನು ಅವನನ್ನು ಹುಡುಕಿದೆನು. ಅವನು ದೊರೆಯಲಿಲ್ಲ," ಎಂದಿತು ಮೊಬೈಲು. ಅದರ ದನಿಯಲ್ಲಿ ಏರಿಳಿತವಿಲ್ಲ. ಮುದುಕರ ಮುಖದಲ್ಲಿತ್ತು. ನಾನು ಅವರಿಗೆ ಏನೂ ಹೇಳಿರಲಿಲ್ಲ. ಹೇಳಿದ್ದೆನೇನೋ ಎಂಬಂತೆ ಅವರು ನನ್ನ ಕಪ್ಪಿಗೆ ಮತ್ತೆ ಚಹಾ ಸುರಿದರು.

ವಿಮಾನ ನಿಲ್ದಾಣದಲ್ಲಿ ಮೆಹಬೂಬ್ ಭಾಯ್ ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು.

"ನೀವ್ ಹೇಳ್ತೀರೋ, ನಾ ಹೇಳ್ಲೋ? ಒಂದ್ ಮಾತ್ ಹೇಳ್ರಿ ಸಾಕು."

"ನಾ ಹೇಳ್ತೀನಿ."

"ಆಫೀಸಿನ್ಯಾಗ ಅಷ್ಟೇ ಅಲ್ರಿ. ದಂಡೋತಿಗಿ ಹೋಗಿ ಹೇಳ್ಬೇಕು."

"ಹೂಂ," ಎಂದೆ. ಅವರು ಚೀಲದಿಂದ ಡಬ್ಬಿ ತೆಗೆದು, ತಳದಲ್ಲಿ ಉಳಿದಿದ್ದ ಹಿಂಡಿಯನ್ನು ಎರಡು ಪಾಲು ಮಾಡಿದರು.

ದಂಡೋತಿ

ಬಂದ ಮರುದಿನ ಮೊದಲು ಕಾರ್ಖಾನೆಗೆ ಹೋಗಿ, ನಡೆದದ್ದನ್ನು ನಡೆದಂತೆ ಬರೆದು ಸಹಿ ಮಾಡಿ ಕೊಟ್ಟೆ. ಮೊದಲು ದಂಡೋತಿಗೆ ಹೋದರೆ, ಮಾಣಿಕ ದೊಡ್ಡ ಮನಸ್ಸು ಮಾಡಿ ಬಿಡ್ರಿ ಅಂದುಬಿಟ್ಟರೆ, ಅಷ್ಟಕ್ಕೇ ಮುಗಿಸಿಬಿಡುವ ಮನುಷ್ಯ ನಾನು ಎಂದು ನನಗೆ ಗೊತ್ತಿತ್ತು. ಕಾಗದ ಓದಿದ ಮ್ಯಾನೇಜರು ನನಗೆ ಬಾಗಿಲು ತೋರಿಸಿದರು. ಈಗ ವಿಚಾರಣೆ ನಡೆಯುತ್ತಿದೆ. ಏನಾಗುತ್ತದೋ ಆಗಲಿ.

ಕಾಗಿಣಾ ನದಿ ದಾಟಿ ದಂಡೋತಿಗೆ ಹೋದಾಗ ಹಗಲು ಮೂರರ ಬಿಸಿಲು. ಮಾಣಿಕನ ಮನೆಯ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಚಿತ್ರಗಳು. ಅವನ ಹೆಂಡತಿ ಸುನೀತಾ ನೀರು ತಂದುಕೊಟ್ಟಳು. ಮಾಣಿಕ ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಮನೆಯಲ್ಲಿಯೂ ಹಾಗೆಯೇ ಇರುತ್ತಾನೆಂದು ಕಂಡಿತು.

"ಕುಂದ್ರಿ ಸಾಹೇಬ್ರ. ಜಪಾನ್ ಹ್ಯಾಂಗಿತ್ರಿ?"

ನಿಂತುಕೊಂಡೇ ಹೇಳಿದೆ. ಚೀಟಿ, ಸಹಿ, ಕ್ಯಾಂಟೀನು, ಆಮೇಲೆ ತುಂಬಿದ ವೇಳೆ. ಎಷ್ಟು ಬೇಗ ಮುಗಿಯಿತು! ಎರಡು ವರ್ಷ ಹೊತ್ತದ್ದು ಒಂದು ನಿಮಿಷದ ಮಾತಾಗಿತ್ತು.

ಅವನು ಗೋಡೆಗೊರಗಿ ಕೂತ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಸುನೀತಾ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳತೊಡಗಿದಳು.

"ದಿನಾ ರಾತ್ರಿ ಆ ಸೈರನ್ ನೆನಸ್ತೀನ್ರಿ," ಎಂದ. "ಯಾಕ ಕೇಳಿಲ್ಲ, ಯಾಕ ಕೇಳಿಲ್ಲಂತ. ನನ್ನ ಕಿವೀಗೇ ನಾ ಬೈಕೋತೀನಿ. ಹೊಡೀಲಿಕ್ಕೇ ಬಾರದಿತ್ತೇನ್ರಿ ಅದು?"

"ಬಾರದಿತ್ತು ಮಾಣಿಕ."

"ನಡ್ರಿ," ಎಂದು ಎದ್ದ. "ನಮ್ಮವ್ವ ಹೊಲದಾಗ ಅದಾಳ. ಆಕಿ ಮುಂದ ಹೇಳ್ರಿ."

ತೊಗರಿ ಹೊಲದಲ್ಲಿ ಎಂಟು ಹತ್ತು ಹೆಣ್ಣುಮಕ್ಕಳು ಸಾಲಾಗಿ ಕೂತು ಕುರ್ಪಿಯಿಂದ ಕಳೆ ತೆಗೆಯುತ್ತಿದ್ದರು. ಅವನ ತಾಯಿ ಭೀಮವ್ವ ಸಾಲಿನ ನಡುವೆ. ನಾನು ಬದುವಿನಿಂದ ಇಳಿದು ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ ಶುರು ಮಾಡಿದೆ. ಮುದುಕಿ ಕಣ್ಣು ಕಿರಿದು ಮಾಡಿ ನನ್ನ ತುಟಿ ನೋಡಿದಳು.

"ಆಕಿಗಿ ಕಿವಿ ಮಂದ ಅವ," ಎಂದ ಮಾಣಿಕ ಹಿಂದಿನಿಂದ. "ಜೋರ್ಲೆ ಹೇಳ್ರಿ."

ಜೋರಾಗಿ ಹೇಳಿದೆ. "ಯವ್ವಾ, ನಿನ್ನ ಮಗಂದು ತಪ್ಪಿಲ್ಲ! ತಪ್ಪು ನಂದು! ಬೆಲ್ಟಿನ ಕೆಳಗ ಮಂದಿ ಅದಾರೇನಂತ ನೋಡೋದು ನನ್ನ ಕೆಲಸಿತ್ತು. ನೋಡಿಲ್ಲ. ಸುಳ್ಳು ಬರ್ದು ಅಂವನ ಮ್ಯಾಲ ಹಾಕೀನಿ!"

ಕುರ್ಪಿಗಳು ನಿಂತವು. ಸಾಲಿನ ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಭೀಮವ್ವ ನನ್ನನ್ನು ನೋಡಲಿಲ್ಲ. ಮಗನ ಬಳಿ ಹೋಗಿ ಅವನ ಕೈಯ ಟವೆಲನ್ನು ಬಿಚ್ಚಿ ತನ್ನ ಹೆಗಲ ಮೇಲೆ ಹಾಕಿಕೊಂಡಳು. ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಸಾಲಿನ ತುದಿಯಲ್ಲಿ ದೂರ ಕೂತಿದ್ದ ಹೆಂಗಸರ ಕಡೆ ಗದ್ದ ಎತ್ತಿ ತೋರಿಸಿದಳು.

"ಅವ್ರಿಗಿ ಕೇಳಿಲ್ಲ," ಎಂದಳು. "ಇನ್ನೊಮ್ಮೆ ಹೇಳು."

ಹೇಳಿದೆ.